ಅರ್ಧ ಕುರ್ಚಿಗಳ ಲೆಕ್ಕ

ಆರು ತಿಂಗಳ ಮೇಲೆ ಒಳಗಿನ ಹಾಲಿನ ಬಾಗಿಲು ತೆಗೆದರೆ
ಮೊದಲು ಹೊರಬಂದದ್ದು ಒಂದು ಹಲ್ಲಿ,
ಅದರ ಹಿಂದೆ ಹುಳಿ ವಾಸನೆ.
ಮಾರ್ಚಿನಲ್ಲಿ ತೊಳೆಯದೆ ಬಿಟ್ಟ ಮೂರು ಗ್ಲಾಸು
ನಾಲ್ಕನೇ ಟೇಬಲ್ಲಿನ ಮೇಲೆ ಹಾಗೇ ಕೂತಿದ್ದವು,
ಬಿಲ್ಲು ಕೇಳಿ, ಎದ್ದುಹೋಗಲು ಮರೆತವರ ಹಾಗೆ.

ಭದ್ರಾವತಿಯಲ್ಲಿ ಹಳೇ ಸೇತುವೆ ಇಳಿದರೆ ನಮ್ಮ ಬಾರು.
ಬೋರ್ಡಿನಲ್ಲಿ ಮಾವನ ಹೆಸರು,
ಲೈಸೆನ್ಸಿನಲ್ಲಿ ಗಂಡನದು,
ಗಲ್ಲಾದಲ್ಲಿ ನಾನು.
ಹೆಂಗಸಿನ ಮುಂದೆ ಗಿರಾಕಿ ಸಾಲ ಹೇಳಲು ನಾಚುತ್ತಾನೆ.
ಅಷ್ಟೇ ನನ್ನ ಬಂಡವಾಳ.

ಬಿಯರಿಗೆ ಆರೇ ತಿಂಗಳ ಆಯುಸ್ಸು.
ಪಾರ್ಸೆಲ್ ಮಾರಿಯೂ ಉಳಿದ ನಲವತ್ತೊಂದು ಕೇಸು
ಅಬಕಾರಿಯವರು ನಿಂತು ನೋಡುತ್ತಿದ್ದಂತೆ
ಚರಂಡಿಗೆ ಸುರಿದೆವು. ನೊರೆ ಎದ್ದು
ಸೈಕಲ್ ಶಾಪಿನ ಮೆಟ್ಟಿಲವರೆಗೆ ಹೋಯಿತು.
ಒಂದು ನಾಯಿ ಮೂಸಿತು, ನನ್ನ ಮುಖ ನೋಡಿತು, ನಡೆಯಿತು.
ಚಲನ್ನಿಗೆ ಮಾತ್ರ ಎಕ್ಸ್‌ಪೈರಿ ಇಲ್ಲ:
ಕುರ್ಚಿ ಅರ್ಧ ಹಾಕಿ ಅಂದರು,
ಫೀಸು ಪೂರ್ತಿ ಕಟ್ಟಿ ಅಂದರು.

ಬ್ಲೌಸ್ ಹೊಲಿಯುವ ಟೇಪು ಹಿಡಿದು
ಟೇಬಲ್ಲಿಗೂ ಟೇಬಲ್ಲಿಗೂ ನಡುವೆ ಆರಡಿ ಅಳೆದೆ.
ಹದಿನಾಲ್ಕರಲ್ಲಿ ಆರು ಉಳಿದವು.
ಮಿಕ್ಕವು ತಾರಸಿಯ ಮೇಲೆ, ಕಾಲು ಆಕಾಶಕ್ಕೆ.
ಬಾರಿಗೆ ಕಿಟಕಿ ಯಾಕೆ ಅನ್ನುತ್ತಿದ್ದರು ಮಾವ.
ಬಣ್ಣ ಬಳಿದ ಗಾಜು ತೆಗೆಸಿ ಜಾಲರಿ ಹಾಕಿಸಿದೆ.
ಮೂವತ್ತು ವರ್ಷದಲ್ಲಿ ಮೊದಲ ಸಲ
ಬಿಸಿಲು ಒಳಬಂದು ಕೂತಿತು, ಏನೂ ಆರ್ಡರ್ ಕೊಡದೆ.
ರಸ್ತೆಯಲ್ಲಿ ಹೋಗುತ್ತಿದ್ದ ಹೈಸ್ಕೂಲು ಮೇಷ್ಟ್ರು
ಒಳಗಿದ್ದ ಹಳೇ ಶಿಷ್ಯನನ್ನು ಕಂಡರು.
ಆಗಿನಿಂದ ಆ ಟೇಬಲ್ಲಿಗೆ ಯಾರೂ ಕೂರಲೊಲ್ಲರು.
ಹಾಗಾಗಿ ಐದು.

ಅಡಿಗೆಯ ಅಣ್ಣು ಪೂಜಾರಿ ಲೆಕ್ಕದಲ್ಲಿ ನನಗಿಂತ ಚುರುಕು:
‘ಕಡಲೆಬೀಜ ಪೊಟ್ಟಣ ಕಟ್ಟಿ ಅಕ್ಕ, ಹತ್ತು ರೂಪಾಯಿ.
ನಿನ್ನೆವರೆಗೆ ಬಿಟ್ಟಿ ಕೊಟ್ಟದ್ದು ಖರೆ,
ಇವತ್ತಿಂದ ಅದಕ್ಕೆ ಶುಚಿ ಅಂತ ಹೆಸರು.’

ಏಳೂವರೆಗೆ ಬಂದರು ಸಿಂಗಾರವೇಲು,
ಉಕ್ಕಿನ ಕಾರ್ಖಾನೆಯ ರಿಟೈರ್ಡ್ ಫಿಟ್ಟರ್.
ಗಿರಿಧರ ಹಣೆಗೆ ಗನ್ನು ಹಿಡಿದ,
ಅವರು ಎರಡೂ ಕೈ ಎತ್ತಿ ಶರಣಾದರು, ಎಲ್ಲರೂ ನಕ್ಕೆವು.
ತೊಂಬತ್ತೇಳು ಪಾಯಿಂಟ್ ಎರಡು. ನಾರ್ಮಲ್.
ಅವರ ಮೂಗು ಊರಿಗೇ ಗೊತ್ತು.
ಮುಚ್ಚಳ ತೆಗೆದರೆ ಸಾಕು, ಯಾವ ಡಿಸ್ಟಿಲರಿ,
ಲಾರಿ ಬಿಸಿಲಲ್ಲಿ ನಿಂತಿತ್ತೋ ಇಲ್ಲವೋ ಹೇಳುವವರು.

ಅವರೆದುರೇ ಸೀಲು ಒಡೆದು ಒಂದು ಪೆಗ್ಗು ಹಾಕಿಸಿದೆ.
ಮೂಸಿದರು. ಮತ್ತೆ ಮೂಸಿದರು.
‘ಏನಮ್ಮಾ ವಾರಿಜಾ, ನೀರು ಬೆರೆಸಿದೆಯಾ?’

ಬಾರಿನ ಮಟ್ಟಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ.
ಕಿವಿ ಬಿಸಿಯಾಯಿತು. ನಿಂಬೆಹೋಳು ಕೊಟ್ಟೆ, ಹಿಂಡಿ ನೋಡಿದರು.
ಉಪ್ಪಿನಕಾಯಿ. ಕೈಗೆ ಸುರಿದ ಸ್ಯಾನಿಟೈಸರು.
ಒಂದೊಂದಕ್ಕೂ ತಲೆಯಾಡಿಸುತ್ತಾ
ಮೆಲ್ಲಗೆ ಮಾಸ್ಕು ಮೇಲೆಳೆದುಕೊಂಡರು,
ತಪ್ಪು ಮಾಡಿದ ಹುಡುಗನ ಹಾಗೆ.

ಹನ್ನೊಂದು ಜನ. ಐದು ಟೇಬಲ್ಲು.
ಗಲ್ಲಾದಲ್ಲಿ ಎರಡು ಸಾವಿರದ ಮುನ್ನೂರ ನಲವತ್ತು.
ಯಾರೂ ಏನೂ ಹೇಳಲಿಲ್ಲ,
ಆದರೆ ಹನ್ನೊಂದೂ ಜನ ತಂತಮ್ಮ ಗ್ಲಾಸು ಮೂಸಿದರು.

ದುಡ್ಡು ವಾಪಸು ಕೊಟ್ಟು, ನಂಬರು ಬರೆಸಿಕೊಂಡು ಕಳಿಸಿದೆ.
ಸಿಂಗಾರವೇಲು ಮಾತ್ರ ನೋಟು ಮುಟ್ಟಲಿಲ್ಲ.
ಬಾಗಿಲ ಆಚೆ, ಆರಡಿಗಿಂತ ದೂರ ನಿಂತು ಕೇಳಿದರು:
‘ಮಾಲು ಚೆನ್ನಾಗೇ ಇತ್ತು, ಅಲ್ಲವಾ?’
ಹೂಂ ಅಂದೆ. ನಾಳೆ ಆಸ್ಪತ್ರೆಗೆ ಹೋಗಿ ಅಂದೆ.

ಗಿರಿಧರ ಚೀಟಿ ಅಂಟಿಸಿದ: ಹದಿನಾಲ್ಕು ದಿನ ಬಂದ್.
ನಾನು ಒಬ್ಬಳೇ ಗ್ಲಾಸು ತೊಳೆಯಲು ನಿಂತೆ,
ಈ ಸಲ ಮೂರು ಕೂಡ ಬಿಡದೆ.
ಒಂದು ಖಾಲಿ ಗ್ಲಾಸಿಗೆ ಸೀಸೆಯಿಂದ ತೊಟ್ಟು ಬಗ್ಗಿಸಿ
ಮಾಸ್ಕಿನ ಮೇಲಿಂದಲೇ ಮೂಸಿದೆ.
ರಮ್ಮು. ಬಟ್ಟೆ ದಾಟಿ ಬಂದ ಸ್ಪಷ್ಟ ರಮ್ಮು.
ಮದುವೆಯಾಗಿ ಬಂದ ವರ್ಷ
ಇದೇ ವಾಸನೆಗೆ ವಾಂತಿ ಮಾಡಿಕೊಂಡವಳು,
ಇನ್ನೊಂದು ಸಲ ಮೂಸಿದೆ.