ಉಗುರು

ತಾಳ್ಕರ್ ಗುಮಾಸ್ತರು ಸಾಗರಕ್ಕೆ, ನಮ್ಮ ಜಗಲಿಗೆ ಬಂದದ್ದು ಒಂದು ಬುಧವಾರ.
ಶಿವಮೊಗ್ಗ ಸ್ಟೇಷನ್ನಿನಲ್ಲಿ ಟಿಕೇಟು ಕೊಡುವವರು,
ಶನಿವಾರದ ಪಾಳಿ ತಪ್ಪಿಸಿಕೊಳ್ಳಲು
ಉಳಿದವರ ಭಾನುವಾರಗಳನ್ನೆಲ್ಲ ತಾವೇ ಹೊತ್ತವರು.
ಪಾರ್ಸೆಲ್ ರಸೀದಿಯ ಬೆನ್ನಿಗೆ ಬರೆದ ಚಿತ್ರ ಮುಂದಿಟ್ಟರು:
ಒಂದು ಕೋಲು, ಕೋಲಿನ ತುದಿಗೊಂದು ಕೈ,
ನಾಲ್ಕು ಬೆರಳು ಮಡಚಿ, ತೋರುಬೆರಳು ಮಾತ್ರ ಚಾಚಿ.

"ಯಾವ ದೇವರದ್ದು?" ಅಪ್ಪ ಕೇಳಿದ.
"ನಮ್ಮ ದೇವರಿಗೆ ಕೈಯಿಲ್ಲ."
"ಹಾಗಾದರೆ ಯಾರದ್ದು?"
"ಓದುವವನದ್ದು."

ಅಪ್ಪ ಗುಡಿಗಾರ. ಸರಸ್ವತಿಗೆ ನಾಲ್ಕು, ದುರ್ಗೆಗೆ ಎಂಟು,
ಕೈಗಳ ಲೆಕ್ಕ ಎಂದೂ ತಪ್ಪದವನು.
ಮೈಯಿಲ್ಲದ ಒಂಟಿ ಕೈ ಅವನ ಉಳಿಗೆ ಹೊಸದು.
ತಾಳ್ಕರ್ ಮರಾಠಿ ಬೆರೆಸಿ ಬಿಡಿಸಿ ಹೇಳಿದರು:
ದುರ್ಗಿಗುಡಿ ಬೀದಿಯ ಒಂದು ಮಹಡಿ ಕೋಣೆಯೇ ಅವರ ಗುಡಿ.
ಬೀರುವಿನೊಳಗೆ ತೊಗಲಿನ ಸುರುಳಿ. ಅದಕ್ಕೆ
ಅಜ್ಜಿಯ ಮದುವೆ ಸೀರೆ ಕತ್ತರಿಸಿ ಹೊಲಿದ ಅಂಗಿ,
ತಲೆಗೆ ಬೆಳ್ಳಿಯ ಜೋಡಿ ಮುಕುಟ, ಸುತ್ತ ಗೆಜ್ಜೆ,
ಒಂದರಲ್ಲಿ ಮೂರು ಕಡಿಮೆ.
ಗಾಜಿನ ಲೋಟದಲ್ಲಿ ನೀರು, ನೀರ ಮೇಲೆ ಕೊಬ್ಬರಿ ಎಣ್ಣೆ,
ಎಣ್ಣೆಯ ಮೇಲೆ ಆರಬಾರದ ದೀಪ.
ಹತ್ತು ಗಂಡಸರು ಕೂಡದೆ ಸುರುಳಿ ಬಿಚ್ಚುವಂತಿಲ್ಲ;
ಭದ್ರಾವತಿ ಕಾರ್ಖಾನೆಯಿಂದ ಇಬ್ಬರು, ಹರಿಹರದಿಂದ ಒಬ್ಬ,
ಶುಕ್ರವಾರ ಸಂಜೆಯ ರೈಲು ತಡವಾದರೆ
ಒಂಬತ್ತು ಜನ ಕಿಟಕಿಯ ಹತ್ತಿರ.
ಬಿಚ್ಚಿದ ಮೇಲೂ ಅಕ್ಷರವನ್ನು ಬರಿ ಬೆರಳು ಮುಟ್ಟಕೂಡದು.
"ಮಡಿಯೇ?" ಅಪ್ಪನಿಗೆ ಅದು ಥಟ್ಟನೆ ತಿಳಿಯಿತು.
"ಬೆವರು," ಎಂದರು ತಾಳ್ಕರ್. ತುಸು ತಡೆದು, "ಮಡಿಯೂ."

ಗೇಣುದ್ದದ ಗಂಧದ ಚೇಗು.
ಮಾದರಿಗೆಂದು ಅಪ್ಪ ತನ್ನ ಕೈ ನೋಡಿಕೊಂಡ, ಬೇಡವೆಂದ;
ಉಳಿ ಹಿಡಿದು ಹಿಡಿದು ಬೆರಳು ಸೊಟ್ಟಗಾಗಿತ್ತು.
ನಾನು ಮೂಲೆಯಲ್ಲಿ ಬಾಸಿಂಗಕ್ಕೆ ಬೆಂಡು ಹೆರೆಯುತ್ತಿದ್ದೆ.
"ಯಮುನೀ, ಬಾ ಇಲ್ಲಿ. ಅಲ್ಲೇನೋ ಇದೆ ಅಂತ ತೋರಿಸು."
"ಏನಿದೆ?"
"ಏನಾದರೂ."
ಹದಿಮೂರು ದಿನ ಏನನ್ನೋ ತೋರಿಸುತ್ತ ಕೂತೆ:
ಗೋಡೆಯ ಹಲ್ಲಿ, ಗಂಧದ ಹೊಟ್ಟು,
ಬಾಗಿಲಾಚೆ ಸೈಕಲ್ಲಿನ ಮೇಲೆ ಹೋಗುವ ಐಸ್‌ಕ್ಯಾಂಡಿ ಡಬ್ಬಿ.

ಮುಗಿಯಿತು ಎಂದು ಅಪ್ಪನಿಗೆ ಅನಿಸಲೇ ಇಲ್ಲ.
ಮೂರ್ತಿಯಾದರೆ ಕೊನೆಗೆ ಕಣ್ಣು. ಕಣ್ಣು ಬಿಡಿಸಿದರೆ
ಆಮೇಲಿನ ಕೆಲಸ ಅದರದ್ದು, ಕೂಲಿ ನಮ್ಮದು.
ಇದಕ್ಕೆ ಕಣ್ಣೆಲ್ಲಿ? ಎರಡು ರಾತ್ರಿ ತಿರುಗಿಸಿ ತಿರುಗಿಸಿ ನೋಡಿದ.
ಮೂರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಾತಾಡದೆ,
ತೀರ ಸಣ್ಣ ಉಳಿಯಲ್ಲಿ ಉಗುರು ಬಿಡಿಸಿದ.
ಬೆಂಡಿನ ಚೂರಿ ತಾಗಿ ಸೀಳಿದ್ದ ನನ್ನ ಉಗುರು,
ಸೀಳಿನ ಸಮೇತ.

ಕೊಡುವ ಮುಂಚೆ ಒಮ್ಮೆ ಪಂಚಾಂಗದ ಮೇಲೆ ಓಡಿಸಿದ, ಕದ್ದು.

ತಾಳ್ಕರ್ ಆ ಸೀಳಿಗೆ ಹೆಬ್ಬೆರಳು ತಾಗಿಸಿದರು. "ಮರ ಒಡೆದಿದೆಯೇ?"
"ಇಲ್ಲ. ಇರುವುದೇ ಹಾಗೆ."
ಮತ್ತೆ ಕೇಳಲಿಲ್ಲ. ನಮ್ಮದು ಬಲದಿಂದ ಎಡಕ್ಕೆ, ಎಂದಷ್ಟೇ ಹೇಳಿ
ಗಾಳಿಯಲ್ಲಿ ಒಂದು ಸಾಲು ಓದಿ ತೋರಿಸಿದರು.

ಬೀರು, ಸುರುಳಿ, ಗೆಜ್ಜೆ ಎಲ್ಲ ಆಮೇಲೆ ಹಡಗು ಹತ್ತಿದವಂತೆ.
ಆ ಮಹಡಿಯಲ್ಲೀಗ ಟೈಲರಿಂಗ್ ಕ್ಲಾಸು.
ನನ್ನ ಉಗುರು ಆ ಬೇಸಗೆಯೇ ಬೆಳೆದು, ಕತ್ತರಿಸಿ, ಹಿತ್ತಲಿಗೆ ಹೋಯಿತು.
ನಾನು ಓದಲು ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ,
ಒಂದೊಂದೇ ಪದದ ಕೆಳಗೆ ಬೆರಳಿಟ್ಟು.
ಬೆರಳು ತೆಗೀರಿ ಯಮುನಮ್ಮ, ಕಣ್ಣಲ್ಲಿ ಓದಿ,
ಎನ್ನುತ್ತಿದ್ದರು ಮೇಡಂ.
ನಾನು ತೆಗೆಯುತ್ತಿರಲಿಲ್ಲ.