ಯಾರು ಓಡಿಸಿದರು

ಔಲುವಿನ ಮನೆ ಮಾರಿದೆ. ಪಿಯಾನೊ,
ಇಪ್ಪತ್ತೆರಡು ವರ್ಷದ ಹೆರಿಗೆ ವಾರ್ಡಿನ ಪಾಳಿ,
ಎಲ್ಲಕ್ಕೂ ಒಂದೇ ಸಹಿ.
ಬೆಕ್ಕನ್ನು ತಂಗಿ ಐಲಿ ಒಯ್ದಳು, ಮಾತಿಲ್ಲದೆ.

ಇದು ಚಾಡ್ ಗಡಿ. ಡಾರ್ಫುರ್ ಬಿಟ್ಟು ಬಂದವರ ಗುಡಾರ.
ಮಗುವಿನ ತೋಳಿಗೆ ಪಟ್ಟಿ ಸುತ್ತಿ ಓದುತ್ತೇನೆ:
ಕೆಂಪು. ಕೆಂಪು. ಇದೊಂದು ಹಳದಿ.
ಹಳದಿಗೂ ಹಿಗ್ಗುವುದ ಕಲಿತಿವೆ ಕಣ್ಣು.

ಸರದಿಯಲ್ಲಿ ಕೂತ ಹವಾಯ ಕೇಳಿದಳು:
"ಮನೆ ಇತ್ತೇ ನಿನಗೆ?"
ಇತ್ತು.
"ನೀರು?"
ನಲ್ಲಿಯಲ್ಲಿ, ಬಿಸಿಯದೂ.
"ಸುಟ್ಟರೇ?"
ಇಲ್ಲ.
"ಮತ್ತೆ ಯಾರು ಓಡಿಸಿದರು?"

ಸೇವೆ ಅನ್ನಹೋದರೆ ನಾಲಿಗೆಯ ಮೇಲೆ ಮರಳು.
ಚಳಿಗಾಲದ ಕಿಟಕಿಯಲ್ಲಿ ನನ್ನದೇ ಮುಖ
ನೋಡಿ ನೋಡಿ ಸಾಕಾಗಿತ್ತು ಅನ್ನಲೇ?

ಅವಳು ಕಾಯಲಿಲ್ಲ.
ಮಗುವನ್ನು ನನ್ನ ಮಡಿಲಿಗಿಟ್ಟು
ನೀರಿನ ಸಾಲಿಗೆ ನಡೆದಳು,
"ಇಲ್ಲೇ ಇರು, ಬಂದೆ" ಎಂದು.