ಚೌಬಾರಾದ ಹಿಂದಿನ ಗಲ್ಲಿ, ಡಿಸೆಂಬರ್

ಮೂರು ತಿಂಗಳ ಡೆಪ್ಯುಟೇಷನ್. ಸೂಟ್‌ಕೇಸಿನಲ್ಲಿ
ಆರು ಹತ್ತಿ ಅಂಗಿ, ಚಳಿಗೆ ಆಗುವಂಥದ್ದು ಒಂದೂ ಇಲ್ಲ.
ಬೀದರ ಅಂದರೆ ಬರೀ ಬಿಸಿಲು ಎಂದು
ಕೋಲಾರದಲ್ಲಿ ಯಾರೋ ಹೇಳಿದ್ದರು, ನಂಬಿದ್ದೆ.
ಬೆಳಿಗ್ಗೆ ಆರಕ್ಕೆ ಕೋಟೆಯ ಕಡೆಯ ಗಾಳಿ
ಕಾಲರಿನ ಹತ್ತಿರ ನಿಂತು ಕೇಳುವುದಿಲ್ಲ, ನೇರ ಒಳಗೆ.

ಮೊದಲ ವಾರ ಕಾಫಿ ಹುಡುಕಿಯೇ ಕಳೆಯಿತು.
ದೊಡ್ಡ ಹೋಟೆಲಿನಲ್ಲಿ ಇತ್ತು, ನೂರಾ ಎಂಬತ್ತು,
ಮೇಲೆ ನೊರೆಯಲ್ಲಿ ಬರೆದ ಒಂದು ಎಲೆ.
ನನ್ನ ದಿನಭತ್ಯೆ ಆ ಎಲೆಯ ಮುಂದೆ ನಾಚಿತು.

ಗಫಾರ್‌ಮಿಯಾ ನಕ್ಕರು:
"ಕಾಫಿನಾ? ನೆಗಡಿ ಬಂದಾವ್ರು ಕುಡೀತಾರ್ರೀ."
ಆದರೂ ಮರುದಿನ ಗಲ್ಲಾದ ಹಿಂದಿನಿಂದ
ಎರಡು ರೂಪಾಯಿಯ ಪೊಟ್ಟಣ ತೆಗೆದು
ಹಲ್ಲಲ್ಲಿ ಹರಿದು, ಚಹಾದ ಹಾಲಿಗೇ ಸುರಿದರು.
ಏಲಕ್ಕಿ ವಾಸನೆ. ಸಕ್ಕರೆಯೋ ಸಕ್ಕರೆ.
ದರಪಟ್ಟಿಯಲ್ಲಿ ಆ ಹೆಸರೇ ಇಲ್ಲ;
"ಚಹಾದ್ದೇ ಕೊಡ್ರಿ."

ಸ್ವೆಟರು ಸಿಕ್ಕಿದ್ದು ಕಸ್ತೂರ್‌ಬಾಯಿಯ ಗುಡ್ಡೆಯಲ್ಲಿ.
ಗುಂಡಿ ಹೋದ ಶಾಲೆಯ ಕೋಟು,
ಅತ್ತರು ಇನ್ನೂ ಬಿಡದ ಮದುವೆಯ ಶೇರ್ವಾನಿ,
ಅದರ ಕೆಳಗೆ ಕಡುಹಸಿರು, ತೊಂಬತ್ತು ರೂಪಾಯಿ.
"ಯಾರದಿದು?" ಅಂದೆ.
"ಒಂದ್ ಸ್ಟೀಲ್ ಡಬ್ಬಿದ್ರೀ," ಅಂದಳು.

ಬಲ ಮೊಳಕೈಗೆ ಕೆಂಪು ನೂಲಿನ ರಫೂ.
ಎಡಗೈ ನೆಟ್ಟಗಿದೆ.
ಬಲಗೈ ಊರಿ ತುಂಬ ಹೊತ್ತು ಕೂತವರು ಯಾರೋ,
ಬರೆಯುತ್ತಲೋ, ಕಾಯುತ್ತಲೋ.

ಈಗ ಗಫಾರ್‌ಮಿಯಾರ ಮೇಜಿಗೆ
ನಾನೂ ಅದೇ ಕೈ ಊರುತ್ತೇನೆ.
ನಿನ್ನೆ ಅವರು ಕೇಳದೆ ಚಹಾ ತಂದಿಟ್ಟರು.
ಪೊಟ್ಟಣ ಮುಗಿದಿತ್ತೋ,
ಹಸಿರಿನಲ್ಲಿ ನನ್ನ ಗುರುತು ಸಿಗಲಿಲ್ಲವೋ.

ಕುಡಿದೆ. ಬಿಸಿ ಇತ್ತು.